ಹಗಲು ಬೆಳ್ಳಿಗೆ ಮಟ್ಟ ಹಿಡಿದದ್ದು

ನೆಲವು ಸಮವಾಗಿದೆಯೆಂದು ಕಣ್ಣು ಹೇಳಿದ ಮಾತನ್ನೇ ನಂಬಿ ಮನೆ ಕಟ್ಟಿದವರುಂಟೆ? ಕಟ್ಟುವವನ ಚೀಲದಲ್ಲಿ ತೂಗುಗುಂಡು, ರಸಮಟ್ಟ ಇವೆರಡೂ ಇದ್ದೇ ಇರುತ್ತವೆ. ಆಕಾಶವನ್ನು ಅಳೆಯಹೊರಟ ಪ್ರಾಚೀನರೂ ಮೊದಲು ನೆಲವನ್ನು ನೋಡಿಕೊಂಡರು. ಸೂರ್ಯಸಿದ್ಧಾಂತದ ಮೂರನೆಯ ಅಧ್ಯಾಯವಾದ ತ್ರಿಪ್ರಶ್ನಾಧಿಕಾರವು ಶಂಕುವಿನ ನೆರಳಿನಿಂದ ದಿಕ್ಕುಗಳನ್ನು ನಿರ್ಣಯಿಸುವ ವಿಧಿಯನ್ನು ಹೇಳುತ್ತದೆ. ಆದರೆ ಶಂಕುವನ್ನು ನಿಲ್ಲಿಸುವುದಕ್ಕೂ ಮುನ್ನ, ಅದು ನಿಲ್ಲಬೇಕಾದ ಕಲ್ಲಿನ ನೆಲವನ್ನು ನೀರಿನಿಂದ ಮಟ್ಟಮಾಡಿಕೊಳ್ಳಬೇಕೆಂಬ ಮಾತು ಅಲ್ಲಿ ಮೊದಲಿಗೇ ಬರುತ್ತದೆ. ಓದುವವರು ಈ ಮಾತನ್ನು ಸಾಮಾನ್ಯವಾಗಿ ದಾಟಿಹೋಗುತ್ತಾರೆ. ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ ವಾಸವಾಗಿರುವ ನಿವೃತ್ತ ಗಣಿತಾಧ್ಯಾಪಕರೊಬ್ಬರೂ ಹಾಗೆಯೇ ದಾಟಿಹೋಗಿದ್ದರು. ಅದರ ಫಲವನ್ನು ಅವರು 2025ರ ಫೆಬ್ರವರಿ ತಿಂಗಳಿನಲ್ಲಿ ಇಪ್ಪತ್ತಮೂರು ಮಕ್ಕಳ ಎದುರಿನಲ್ಲಿ ಉಣ್ಣಬೇಕಾಯಿತು.

ಈ ಮಾಸ್ತರರು ಮೂವತ್ತಮೂರು ವರ್ಷಕಾಲ ಪಾಠ ಹೇಳಿ 2016ರಲ್ಲಿ ನಿವೃತ್ತರಾದವರು. ನಿವೃತ್ತಿಯ ನಂತರವೂ ಸುಮ್ಮನಿರಲಾರದೆ, ಮುಖ್ಯೋಪಾಧ್ಯಾಯಿನಿಯವರ ಅಪೇಕ್ಷೆಯಂತೆ ವಾರಕ್ಕೊಮ್ಮೆ ಊರಿನ ಪ್ರಾಥಮಿಕ ಶಾಲೆಗೆ ಹೋಗಿ ಏಳನೆಯ ತರಗತಿಯ ಮಕ್ಕಳೊಂದಿಗೆ ಒಂದು ತಾಸು ಕಳೆದುಬರುತ್ತಿದ್ದರು. ಜನವರಿಯ ಒಂದು ದಿನ ಗ್ರಹತಾರೆಗಳ ಪ್ರಸ್ತಾಪ ಬಂದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು:

“ಹಗಲಿನ್ಯಾಗ ಚುಕ್ಕಿ ಎಲ್ಲಿ ಹೋಗತಾವ್ರೀ ಸರ?”

“ಎಲ್ಲಿಗೂ ಹೋಗೂದಿಲ್ಲವಾ. ಅಲ್ಲೇ ಇರತಾವ. ಬಿಸಿಲಿನ ಬೆಳಕಿಗೆ ಕಾಣೂದಿಲ್ಲ, ಅಷ್ಟ.”

“ನೀವು ನೋಡೀರೇನ್ರೀ?”

ಮಾಸ್ತರರು ನಿರುತ್ತರರಾದರು. ಮೂವತ್ತಮೂರು ವರ್ಷ, ವರ್ಷಕ್ಕೊಮ್ಮೆಯಂತೆ, ಅದೇ ವಾಕ್ಯವನ್ನು ಅವರು ಹೇಳುತ್ತ ಬಂದಿದ್ದರು. ಪುಸ್ತಕದಲ್ಲಿ ಇದ್ದುದನ್ನು ಹೇಳಿದ್ದರು, ಮಕ್ಕಳು ಬರೆದುಕೊಂಡಿದ್ದರು. ಹಗಲಿನಲ್ಲಿ ಒಂದು ಚುಕ್ಕಿಯನ್ನು ತಾವು ಕಂಡಿರಲಿಲ್ಲ. ಕಾಣಬೇಕೆಂದು ಎಂದೂ ಅನ್ನಿಸಿಯೂ ಇರಲಿಲ್ಲ. “ಇಲ್ಲವಾ, ನೋಡಿಲ್ಲ. ನೋಡೋಣು. ನಿಮಗೂ ತೋರಸ್ತೀನಿ” ಎಂದು ಹೇಳಿ ತರಗತಿಯಿಂದ ಹೊರಬಂದರು.

ರಾತ್ರಿ ತೋರಿಸುವುದಾಗಿದ್ದರೆ ಕಷ್ಟವಿರಲಿಲ್ಲ. ಮಾಸ್ತರರ ಮನೆಯಲ್ಲಿ ದೂರದರ್ಶಕವೊಂದಿದೆ, 2023ರಲ್ಲಿ ಕೊಂಡದ್ದು. ಆರು ಅಂಗುಲ ವ್ಯಾಸದ ಕನ್ನಡಿ, ನಾಲ್ಕಡಿ ಉದ್ದದ ಉಕ್ಕಿನ ನಳಿಕೆ, ಅದು ಕೂರುವುದಕ್ಕೆ ಹಲಗೆಯ ಪೆಟ್ಟಿಗೆ. ಪೆಟ್ಟಿಗೆ ಬೀಸುವ ಕಲ್ಲಿನಂತೆ ಅಡ್ಡಲಾಗಿ ತಿರುಗುತ್ತದೆ, ನಳಿಕೆ ಏತದಂತೆ ಮೇಲೆ ಕೆಳಗೆ ಆಡುತ್ತದೆ. ಈ ಸರಳವಾದ ಪೀಠವನ್ನು ಬಳಕೆಗೆ ತಂದವನು ಅಮೆರಿಕದ ಜಾನ್ ಡಾಬ್ಸನ್ (1915–2014). ಆತ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠವನ್ನು ಸೇರಿದ ಸಾಧಕ. ಮಠದಲ್ಲಿದ್ದುಕೊಂಡೇ ಗುಜರಿ ಸಾಮಾನುಗಳಿಂದ ದೂರದರ್ಶಕಗಳನ್ನು ಮಾಡಿ, ಹೊರಗೆ ತಳ್ಳಿಕೊಂಡುಹೋಗಿ ನೆರೆಹೊರೆಯ ಮಕ್ಕಳಿಗೆ ಆಕಾಶ ತೋರಿಸುತ್ತಿದ್ದ. ಆ ಹವ್ಯಾಸ ಅತಿಯಾಯಿತೆಂದು 1967ರಲ್ಲಿ ಮಠವನ್ನು ಬಿಡಬೇಕಾಗಿ ಬಂತು. ಮರುವರ್ಷದಿಂದ ನಗರದ ಕಾಲುದಾರಿಯಲ್ಲಿ ನಿಂತು ಹೋಗಿಬರುವವರನ್ನೆಲ್ಲ ಕರೆದು ತೋರಿಸತೊಡಗಿದ. ಮಠದ ಮೇಲೂ ಅವನ ಮೇಲೂ ತಪ್ಪು ಹೊರಿಸುವಂತಿಲ್ಲ. ಎರಡು ನಿಷ್ಠೆಗಳು ಒಂದೇ ದಿನಚರಿಯಲ್ಲಿ ಹಿಡಿಸಲಿಲ್ಲ, ಅಷ್ಟೆ.

ಕಷ್ಟವಿದ್ದದ್ದು ಬಸ್ಸಿನಲ್ಲಿ. ಆ ತರಗತಿಯ ಮಕ್ಕಳಲ್ಲಿ ಬಹುಪಾಲು ಸುತ್ತಲಿನ ಊರುಗಳಿಂದ ಬರುವವರು. ಶಾಲೆ ಬಿಡುವುದು ನಾಲ್ಕೂ ಇಪ್ಪತ್ತಕ್ಕೆ, ಬಸ್ಸು ಹೊರಡುವುದು ಐದೂಕಾಲಿಗೆ. ಅವರಿಗೆ ತೋರಿಸುವುದಿದ್ದರೆ ಬಿಸಿಲಿರುವಾಗಲೇ ತೋರಿಸಬೇಕು.

ಹಗಲಿನಲ್ಲಿ ಕಾಣಬಹುದಾದುದು, ಸೂರ್ಯಚಂದ್ರರನ್ನು ಬಿಟ್ಟರೆ, ಮುಖ್ಯವಾಗಿ ಶುಕ್ರ. ಹಳ್ಳಿಯವರು ಬೆಳ್ಳಿಚುಕ್ಕಿಯೆಂದು ಕರೆಯುವ ಗ್ರಹ. ಕಾಲವೂ ಅನುಕೂಲವಾಗಿತ್ತು. 2025ರ ಜನವರಿ 10ರಂದು ಶುಕ್ರನು ಸೂರ್ಯನಿಂದ ಪೂರ್ವಕ್ಕೆ ಪರಮಾವಧಿ ದೂರವಾದ 47 ಡಿಗ್ರಿಯನ್ನು ಮುಟ್ಟಿ, ಫೆಬ್ರವರಿಯ ನಡುವಿಗೆ ತನ್ನ ಹೆಚ್ಚಿನ ಹೊಳಪಿಗೆ ಬರುವವನಿದ್ದ. ಮಾರ್ಚ್ 23ಕ್ಕೆ ಸೂರ್ಯನಿಗೂ ಭೂಮಿಗೂ ನಡುವೆ ಸರಿದು ಮರೆಯಾಗುವವನು. ಏಪ್ರಿಲ್ ಬಂದರೆ ಮಕ್ಕಳು ಶಾಲೆಯನ್ನೇ ಬಿಟ್ಟುಹೋಗುವವರು. ಕೊಟ್ಟ ಮಾತಿಗೆ ಇದ್ದ ಅವಧಿ ಇಷ್ಟೇ.

ಹಗಲಿನ ಆಕಾಶದಲ್ಲಿ ಶುಕ್ರನನ್ನು ಹುಡುಕುವುದು ಹೊಲದಲ್ಲಿ ಬಿದ್ದ ಮೂಗುತಿಯನ್ನು ಹುಡುಕಿದಂತೆ. ಗುರುತಿಗೆ ಒಂದು ನಕ್ಷತ್ರವಿಲ್ಲ, ಎಲ್ಲವೂ ನೀಲಿ. 48 ಪಟ್ಟು ಹಿಗ್ಗಿಸುವ ನೇತ್ರಮಸೂರದಲ್ಲಿ ಒಂದು ಸಲಕ್ಕೆ ಕಾಣುವ ಆಕಾಶ ಒಂದು ಡಿಗ್ರಿಯಷ್ಟು ಅಗಲ, ಎಂದರೆ ಎರಡು ಪೂರ್ಣಚಂದ್ರರನ್ನು ಒತ್ತಿನಲ್ಲಿಟ್ಟಷ್ಟು. ಆದರೆ ಶುಕ್ರನು ಯಾವ ಗಳಿಗೆಯಲ್ಲಿ ಕ್ಷಿತಿಜದಿಂದ ಎಷ್ಟು ಡಿಗ್ರಿ ಎತ್ತರದಲ್ಲಿರುತ್ತಾನೆಂಬುದನ್ನು ಲೆಕ್ಕಹಾಕಬಹುದು. ನಳಿಕೆಯನ್ನು ಅಷ್ಟೇ ಎತ್ತರಕ್ಕೆ ನಿಲ್ಲಿಸಿ, ಆ ಎತ್ತರವನ್ನು ಕೆಡಿಸದೆ ಎಡಬಲಕ್ಕೆ ಮೆಲ್ಲನೆ ತಿರುಗಿಸಿದರೆ ಅವನು ಒಮ್ಮೆ ಸಿಕ್ಕಲೇಬೇಕು. ಎರಡು ದಿಕ್ಕಿನ ಹುಡುಕಾಟ ಹೀಗೆ ಒಂದೇ ದಿಕ್ಕಿನದಾಗುತ್ತದೆ.

ಲೆಕ್ಕಕ್ಕೆ ಮಾಸ್ತರರು ಅಂಜುವವರಲ್ಲ. ಅವರ ಊರಿನ ಅಕ್ಷಾಂಶ ಹೆಚ್ಚುಕಡಿಮೆ 15½ ಡಿಗ್ರಿ. ಹಿಂದಿನ ಕ್ರಮದಲ್ಲಿ ಹೇಳುವುದಾದರೆ, ವಿಷುವದ ದಿನ ನಡುಹಗಲಿನಲ್ಲಿ 12 ಅಂಗುಲದ ಶಂಕುವಿಗೆ 3⅓ ಅಂಗುಲ ನೆರಳು ಬೀಳುವ ಸ್ಥಳ. ಕೋಲ್ಕತ್ತೆಯ ಪೊಸಿಷನಲ್ ಆಸ್ಟ್ರಾನಮಿ ಸೆಂಟರ್ ಪ್ರಕಟಿಸುವ ಖಗೋಲ ಪಂಚಾಂಗದಿಂದ ಶುಕ್ರನ ಸ್ಥಾನವನ್ನು ತೆಗೆದುಕೊಂಡು, ನಾಲ್ಕೂವರೆಯಿಂದ ಐದೂಹತ್ತರವರೆಗೆ ಐದೈದು ನಿಮಿಷಕ್ಕೊಂದರಂತೆ ಉನ್ನತಾಂಶಗಳ ಪಟ್ಟಿಯನ್ನು ಬರೆದಿಟ್ಟುಕೊಂಡರು. ನಾಲ್ಕೂವರೆಗೆ ಸುಮಾರು 69 ಡಿಗ್ರಿ, ಐದು ಗಂಟೆಗೆ ಸುಮಾರು 62. ನಿಮಿಷಕ್ಕೆ ಕಾಲು ಡಿಗ್ರಿಯಂತೆ ಇಳಿಯುತ್ತಾನೆ.

ನಳಿಕೆಯ ಎತ್ತರವನ್ನು ಅಳೆಯುವುದಕ್ಕೆ ಹುಬ್ಬಳ್ಳಿಯ ಪೇಟೆಯಿಂದ ಒಂದು ಡಿಜಿಟಲ್ ಲೆವೆಲ್ ತಂದರು. ಗಾರೆ ಕೆಲಸದವರೂ ಬಡಿಗರೂ ಈಗೀಗ ಬಳಸುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆ. ತಳದಲ್ಲಿ ಅಯಸ್ಕಾಂತವಿರುವುದರಿಂದ ಉಕ್ಕಿನ ನಳಿಕೆಗೆ ಅಂಟಿಕೊಂಡು ನಿಲ್ಲುತ್ತದೆ. ಓರೆಯನ್ನು ಡಿಗ್ರಿಯ ಹತ್ತನೆಯ ಭಾಗದವರೆಗೆ ಅಂಕಿಯಲ್ಲಿ ತೋರಿಸುತ್ತದೆ. ಹಳೆಯ ರಸಮಟ್ಟದಲ್ಲಿ ಗಾಜಿನ ಕೊಳವೆ, ದ್ರವ, ಒಂದು ಗಾಳಿಗುಳ್ಳೆ. (ಹೆಸರಿನಲ್ಲಿ ರಸವಿದ್ದರೂ ಒಳಗಿರುವುದು ಪಾದರಸವಲ್ಲ, ಸ್ಪಿರಿಟ್ಟು.) ಇದರಲ್ಲಿ ಗುಳ್ಳೆಯಿಲ್ಲ. ಸಿಲಿಕಾನಿನಲ್ಲಿ ಕೆತ್ತಿದ, ಕಣ್ಣಿಗೆ ಕಾಣದಷ್ಟು ಸಣ್ಣದಾದ ತೂಕವೊಂದು ಅಷ್ಟೇ ಸಣ್ಣ ಸ್ಪ್ರಿಂಗುಗಳ ಮೇಲೆ ತೂಗುತ್ತಿರುತ್ತದೆ. ಪೆಟ್ಟಿಗೆ ಓರೆಯಾದರೆ ಭೂಮಿಯ ಸೆಳೆತಕ್ಕೆ ಆ ತೂಕ ಕೂದಲಿಗಿಂತ ಎಷ್ಟೋ ಕಡಿಮೆ ಸರಿಯುತ್ತದೆ. ಸರಿದುದರಿಂದ ಪಕ್ಕದ ಫಲಕಗಳ ನಡುವಿನ ವಿದ್ಯುದ್ಧಾರಕತೆ ಬದಲಾಗುತ್ತದೆ. ಆ ಬದಲಾವಣೆಯನ್ನು ಯಂತ್ರ ಡಿಗ್ರಿಯಾಗಿ ಓದುತ್ತದೆ. ಬಗೆದು ನೋಡಿದರೆ ಇದೂ ತೂಗುಗುಂಡೇ.

ಅಂಕಿ ಎಷ್ಟು ಸೂಕ್ಷ್ಮವೋ ಅದರ ಮೇಲಿನ ನಂಬಿಕೆಯೂ ಅಷ್ಟೇ ಕುರುಡಾಗಿ ಬೆಳೆಯುತ್ತದೆ. ಮಾಸ್ತರರು ಪೆಟ್ಟಿಗೆಯನ್ನು ಮಾಳಿಗೆಯ ಮೇಲಕ್ಕೆ ಒಯ್ದು, ನುಣ್ಣಗೆ ಗಿಲಾವು ಮಾಡಿದ ನೆಲದ ಮೇಲಿಟ್ಟು, ಸೊನ್ನೆಯ ಗುಂಡಿಯನ್ನು ಒತ್ತಿದರು. 0.0 ಎಂದು ಬಂತು. ಸಂತೋಷಪಟ್ಟು, ಅದನ್ನು ನಳಿಕೆಯ ಬೆನ್ನಿಗೆ ಅಂಟಿಸಿದರು.

ಫೆಬ್ರವರಿ 10, ಸೋಮವಾರ. ನಾಲ್ಕೂವರೆಗೆ ಇಪ್ಪತ್ತಮೂರು ಮಕ್ಕಳು ಮಾಳಿಗೆಗೆ ಬಂದರು. ಮೆಟ್ಟಿಲಕೋಣೆಯ ಗೋಡೆಯ ನೆರಳಿನಲ್ಲಿ ದೂರದರ್ಶಕವನ್ನು ಇರಿಸಲಾಗಿತ್ತು. ಇದು ಅನುಕೂಲಕ್ಕಾಗಿ ಮಾಡಿದ್ದಲ್ಲ, ಪ್ರಾಣಸಮಾನವಾದ ಎಚ್ಚರಿಕೆ. ಆರಂಗುಲದ ಕನ್ನಡಿಯಲ್ಲಿ ಸೂರ್ಯ ಬಿದ್ದ ಗಳಿಗೆಯಲ್ಲಿ ನೋಡಿದವನ ಕಣ್ಣು ಶಾಶ್ವತವಾಗಿ ಹೋಗುತ್ತದೆ. ಆ ಹೊತ್ತಿಗೆ ಸೂರ್ಯ ನೈಋತ್ಯ ಪಶ್ಚಿಮಗಳ ನಡುವೆ ಸುಮಾರು 25 ಡಿಗ್ರಿ ಎತ್ತರದಲ್ಲಿರುತ್ತಾನೆ. ಶುಕ್ರನು ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ ಅವನಿಗಿಂತ 40 ಡಿಗ್ರಿಯಷ್ಟು ಮೇಲೆ. ಗೋಡೆ ಸೂರ್ಯನನ್ನು ಮರೆಮಾಡುತ್ತದೆ, ಶುಕ್ರನನ್ನು ಬಿಟ್ಟುಕೊಡುತ್ತದೆ. ನಳಿಕೆ ನೆರಳಿನಲ್ಲಿ ನಿಂತು ಮೇಲ್ಮುಖವಾಗುವ ತನಕ ಮುಚ್ಚಳ ತೆಗೆಯುವುದಿಲ್ಲ, ಮಕ್ಕಳಾರೂ ಅದನ್ನು ಮುಟ್ಟಕೂಡದು ಎಂದು ಅವರು ಮೊದಲೇ ಕಟ್ಟುಮಾಡಿದ್ದರು. ಹಿಂದಿನ ರಾತ್ರಿ ಚಂದ್ರನನ್ನು ನೋಡಿ, ಬಿಂಬ ಸ್ಪಷ್ಟವಾಗುವೆಡೆಯಲ್ಲಿ ಮಸೂರದ ಕೊಳವೆಗೆ ಪೆನ್ಸಿಲಿನ ಗುರುತು ಹಾಕಿಟ್ಟಿದ್ದರು. ಇಲ್ಲದಿದ್ದರೆ ಎದುರಿಗೇ ಬಂದ ಶುಕ್ರನೂ ಮಬ್ಬಾಗಿ ಹರಡಿ ನೀಲಿಯಲ್ಲಿ ಕರಗಿಬಿಡುತ್ತಾನೆ.

ಎಲ್ಲ ಎಚ್ಚರಿಕೆಯೂ ಇತ್ತು, ಶುಕ್ರನೊಬ್ಬನೇ ಇರಲಿಲ್ಲ. ಪಟ್ಟಿ ನೋಡಿದರು, ಅಂಕಿಗೆ ಸರಿಯಾಗಿ ನಳಿಕೆ ನಿಲ್ಲಿಸಿದರು, ಎಡಕ್ಕೆ ತಿರುಗಿಸಿದರು, ಬಲಕ್ಕೆ ತಿರುಗಿಸಿದರು. ಮತ್ತೆ ಪಟ್ಟಿ, ಮತ್ತೆ ಅಂಕಿ. ನೀಲಿಯ ಹೊರತು ಮತ್ತೇನೂ ಇಲ್ಲ. ಮೊದಮೊದಲು ಉಸಿರು ಬಿಗಿಹಿಡಿದಿದ್ದ ಮಕ್ಕಳು ಕ್ರಮೇಣ ಪಿಸುಗುಟ್ಟಿದರು, ಆಮೇಲೆ ಆಡತೊಡಗಿದರು. ಐದೂಹತ್ತಕ್ಕೆ ಬಸ್ಸಿನ ಹಾರ್ನು ಕೇಳಿಸಿತು. ಚೀಲಗಳನ್ನು ಎತ್ತಿಕೊಳ್ಳುತ್ತ ಒಬ್ಬ ಹುಡುಗ, “ಇರ್ಲಿ ಬಿಡ್ರೀ ಸರ, ಮೋಡ ಇದ್ದೀತು” ಎಂದು ಸಮಾಧಾನ ಹೇಳಿದ. ಆಕಾಶದಲ್ಲಿ ಹಿಡಿಯಷ್ಟು ಮೋಡವಿರಲಿಲ್ಲ. ಪ್ರಶ್ನೆ ಕೇಳಿದ್ದ ಹುಡುಗಿ ಏನೂ ಅನ್ನದೆ ಮೆಟ್ಟಿಲಿಳಿದಳು. ಹುಡುಗನ ಕನಿಕರ, ಹುಡುಗಿಯ ಮೌನ ಇವೆರಡರಲ್ಲಿ ಯಾವುದು ಹೆಚ್ಚು ನೋಯಿಸಿತೆಂದು ಮಾಸ್ತರರು ಆಮೇಲೆ ಯಾರಿಗೂ ಹೇಳಲಿಲ್ಲ. ಆ ರಾತ್ರಿ ಲೆಕ್ಕವನ್ನು ಮೂರು ಸಲ ಹೊಸದಾಗಿ ಮಾಡಿದರು. ಮೂರು ಸಲವೂ ಅದೇ ಉತ್ತರ.

ಬುಧವಾರ ನೀರಿನ ತೊಟ್ಟಿಯ ಬಿರುಕನ್ನು ಮುಚ್ಚುವುದಕ್ಕೆಂದು ಗೌಂಡಿಯೊಬ್ಬನು ಮಾಳಿಗೆಗೆ ಬಂದನು. ಹಿಂದೆ ಅವರ ಕೈಯಲ್ಲೇ ಏಳನೆಯ ತರಗತಿಯವರೆಗೆ ಓದಿ, ಮುಂದೆ ಓದಲಾಗದೆ ಕರಣಿ ಹಿಡಿದವನು. ಆ ಮನೆಯ ಮಾಳಿಗೆಯನ್ನು ಹಾಕಿದವನೂ ಅವನೇ. ಹೊಸ ಪೆಟ್ಟಿಗೆಯನ್ನು ಕಂಡು ಕೈಗೆತ್ತಿಕೊಂಡು ತಿರುವಿ ನೋಡಿದ. ಮಾಸ್ತರರು ಅದನ್ನು ನೆಲದ ಮೇಲಿಟ್ಟು, “ನೋಡಪಾ, ಸೊನ್ನೆ ತೋರಸ್ತೈತಿ. ಮಟ್ಟ ಸರಿ ಐತಿ. ಆದ್ರೂ ಗ್ರಹ ಸಿಗಲಿಲ್ಲ” ಎಂದರು.

ಗೌಂಡಿ ನಕ್ಕನು. “ಸರ, ಈ ನೆಲಾ ಮಟ್ಟ ಇಲ್ರೀ. ಮಳಿ ನೀರ ಹರದ ಹೋಗ್ಲಿ ಅಂತ ಹತ್ತ ಅಡಿಗೆ ಒಂದೂವರಿ ಇಂಚ ಇಳಿಜಾರ ನಾನ ಕೊಟ್ಟೀನಲ್ರೀ.”

ಮತ್ತೆ ಅವನು ಪೆಟ್ಟಿಗೆಯನ್ನು ಇದ್ದಲ್ಲಿಯೇ ಹಿಂದುಮುಂದಾಗಿ ತಿರುಗಿಸಿಟ್ಟನು. ಅಂಕಿ 1.4ಕ್ಕೆ ಹಾರಿತು. ಅದೇ ನೆಲ, ಅದೇ ಪೆಟ್ಟಿಗೆ. ರಸಮಟ್ಟವನ್ನು ಕೊಂಡ ದಿನವೇ ಪ್ರತಿಯೊಬ್ಬ ಗೌಂಡಿಯೂ ಮಾಡುವ ಪರೀಕ್ಷೆ ಇದು: ಒಮ್ಮೆ ಇಟ್ಟು ನೋಡು, ತುದಿ ಬದಲಿಸಿ ಇಟ್ಟು ನೋಡು, ಎರಡು ಸಲವೂ ಒಂದೇ ಮಾತು ಹೇಳಿದರೆ ನಂಬು. ಹೇಳದಿದ್ದರೆ ವ್ಯತ್ಯಾಸದ ಅರ್ಧವನ್ನು ತೆಗೆ. ಹತ್ತು ಅಡಿಗೆ ಒಂದೂವರೆ ಇಂಚೆಂದರೆ ಎಂಬತ್ತಕ್ಕೆ ಒಂದು, ಕೋನದಲ್ಲಿ 0.7 ಡಿಗ್ರಿ. ಮಾಸ್ತರರು ಇಳಿಜಾರಾದ ನೆಲವನ್ನು ಸೊನ್ನೆಯೆಂದು ಪೆಟ್ಟಿಗೆಗೆ ಪಾಠ ಹೇಳಿಕೊಟ್ಟಿದ್ದರು. ಅದು ವಿಧೇಯ ವಿದ್ಯಾರ್ಥಿಯಂತೆ ಅದನ್ನೇ ಒಪ್ಪಿಸಿತ್ತು. 1.4ರಲ್ಲಿ ಅರ್ಧ ನೆಲದ ಪಾಲು, ಅರ್ಧ ಸುಳ್ಳು ಸೊನ್ನೆಯ ಪಾಲು. ನೇತ್ರಮಸೂರದಲ್ಲಿ ನಡುವಿನಿಂದ ಅಂಚಿಗೆ ಅರ್ಧ ಡಿಗ್ರಿ. ತಪ್ಪು ಅದಕ್ಕಿಂತ ಹೆಚ್ಚು. ಸೋಮವಾರ ನಳಿಕೆಯು ಶುಕ್ರನ ಪಕ್ಕದಲ್ಲಿ, ಅಂಚಿಗೆ ತಾಗುವಷ್ಟು ಸಮೀಪದಲ್ಲಿ, ಮತ್ತೆ ಮತ್ತೆ ಹಾದುಹೋಗಿತ್ತು.

ತುದಿ ಬದಲಿಸಿ ಸೊನ್ನೆಮಾಡುವ ವಿಧಾನ ಪೆಟ್ಟಿಗೆಯೊಂದಿಗೆ ಬಂದ ಕೈಪಿಡಿಯಲ್ಲಿಯೂ ಇತ್ತು. ಎಳ್ಳುಗಾತ್ರದ ಅಕ್ಷರಗಳಲ್ಲಿ ಮುದ್ರಿಸಿದ ಆ ಹಾಳೆಯನ್ನು ಮಾಸ್ತರರು ಓದಿರಲಿಲ್ಲ. ಎರಡು ಕಣ್ಣುಗಳಲ್ಲಿಯೂ ಪೊರೆ ಬೆಳೆಯುತ್ತಿತ್ತು. ಶಸ್ತ್ರಚಿಕಿತ್ಸೆಯನ್ನು ಬೇಸಿಗೆಗೆಂದು ಮುಂದೂಡಿದ್ದರು.

ಗೌಂಡಿ ಅಷ್ಟಕ್ಕೇ ಬಿಡಲಿಲ್ಲ. ನೀರು ತುಂಬಿದ ಪಾರದರ್ಶಕ ಕೊಳವೆಯನ್ನು ತಂದು, ದೂರದರ್ಶಕದ ಪೀಠದ ಮೂರು ಕಾಲುಗಳನ್ನೂ ಸಮಕ್ಕೆ ತಂದು, ತಗ್ಗಿದ್ದಲ್ಲಿ ಕಡಪಾ ಕಲ್ಲಿನ ಚೂರುಗಳನ್ನು ಕೊಟ್ಟು ಕೂರಿಸಿದನು. ಪೆಟ್ಟಿಗೆಯ ಸೊನ್ನೆ ಸರಿಯಾದ ಮೇಲೆ ಪೀಠದ ಸಣ್ಣ ಓರೆ ಅಷ್ಟಾಗಿ ಬಾಧಿಸದು; ಆದರೆ ಎಡಬಲಕ್ಕೆ ಬಹಳ ದೂರ ತಿರುಗಿಸಿದರೆ ನಳಿಕೆಯ ಎತ್ತರ ತಾನಾಗಿ ಬದಲಾಗುತ್ತ ಹೋಗುತ್ತದೆ. ನೀರಿನಿಂದ ಮಟ್ಟಮಾಡಿದ ನೆಲದ ವಿಧಿ ಹೀಗೆ, ಸೂರ್ಯಸಿದ್ಧಾಂತದ ಹೆಸರನ್ನು ಕೇಳಿರದವನ ಕೈಯಿಂದ, ಆ ಮಾಳಿಗೆಯ ಮೇಲೆ ನಡೆಯಿತು.

ಒಮ್ಮೆ ಮೋಸಹೋದ ಮಾಸ್ತರರು ಇನ್ನೊಂದು ಸಾಕ್ಷಿಯನ್ನು ಬಯಸಿದರು. ಪೆಟ್ಟಿಗೆ ಅಳೆಯುವುದು ನಳಿಕೆಯ ಬೆನ್ನನ್ನು. ನೋಟ ಹೋಗುವುದು ಒಳಗಿನ ಕನ್ನಡಿ ಹೇಳಿದತ್ತ. ಇವೆರಡೂ ಕೂಡುತ್ತವೆಯೆಂದು ಯಾರು ಹೇಳಬೇಕು? ಗುರುವಾರ ರಾತ್ರಿ ಒಂಬತ್ತೂಮುಕ್ಕಾಲರ ಸುಮಾರಿಗೆ ಲುಬ್ಧಕ ನಕ್ಷತ್ರ ದಕ್ಷಿಣೋತ್ತರ ರೇಖೆಯನ್ನು ದಾಟುತ್ತದೆ. ಆಗ ಅದರ ಎತ್ತರ ಕೆಲವು ನಿಮಿಷಗಳ ಕಾಲ ಬದಲಾಗದೆ ನಿಂತಂತೆಯೇ ಇರುತ್ತದೆ, ಲೆಕ್ಕವೂ ಬೆರಳೆಣಿಕೆಯದು: ಅಕ್ಷಾಂಶ 15.5, ನಕ್ಷತ್ರದ ದಕ್ಷಿಣ ಕ್ರಾಂತಿ 16.7, ಕೂಡಿ 90ರಲ್ಲಿ ಕಳೆದರೆ 57.8. ಲುಬ್ಧಕವನ್ನು ನೇತ್ರಮಸೂರದ ನಡುವೆ ನಿಲ್ಲಿಸಿ ಪೆಟ್ಟಿಗೆಯನ್ನು ಓದಿದರೆ 57.6. ನಳಿಕೆಗೂ ನೋಟಕ್ಕೂ ಇದ್ದ ಭೇದ 0.2 ಡಿಗ್ರಿ. ಅದನ್ನು ಪಟ್ಟಿಯ ಪ್ರತಿಯೊಂದು ಅಂಕಿಯಲ್ಲಿಯೂ ಕಳೆದು ಬರೆದುಕೊಂಡರು. ಮರುದಿನ ಪೆಟ್ಟಿಗೆ ಬಿಸಿಲಿಗೆ ಕಾದು ಸೊನ್ನೆ ಜಾರದಿರಲೆಂದು ಬಟ್ಟೆಯಲ್ಲಿ ಸುತ್ತಿ ನೆರಳಿನಲ್ಲಿಟ್ಟರು.

ಫೆಬ್ರವರಿ 14, ಶುಕ್ರವಾರ. ಮಕ್ಕಳು ಈ ಸಲ ಅಷ್ಟೇನೂ ಆತುರದಿಂದ ಬರಲಿಲ್ಲ. ಗೌಂಡಿಯೂ ಕೆಲಸ ಬಿಟ್ಟು ಬಂದು ಮೂಲೆಯಲ್ಲಿ ಕುಕ್ಕುರುಗಾಲಲ್ಲಿ ಕುಳಿತಿದ್ದ. ಗೋಡೆಯ ನೆರಳು ಪೀಠವನ್ನು ದಾಟಿದೆಯೆಂದು ನೋಡಿಕೊಂಡು ಮಾಸ್ತರರು ಮುಚ್ಚಳ ತೆಗೆದರು, ಪಟ್ಟಿಯ ಅಂಕಿಗೆ ನಳಿಕೆಯನ್ನು ತಂದರು, ಕಣ್ಣಿಟ್ಟು ಎಡಕ್ಕೆ ಸರಿಸತೊಡಗಿದರು. ನೀಲಿ. ಮತ್ತೆ ನೀಲಿ. ಇನ್ನೂ ತುಸು ಎಡಕ್ಕೆ ಸರಿದಾಗ, ಅಂಚಿನಿಂದ ಬೆಳ್ಳಗಿನದೊಂದು ಒಳಕ್ಕೆ ತೇಲಿಬಂತು. ಚುಕ್ಕಿಯಲ್ಲ, ಬಿದಿಗೆಯ ಚಂದ್ರನಂಥ ಕೊಂಕು ಕುಡುಗೋಲು. ಆ ದಿನಗಳಲ್ಲಿ ಶುಕ್ರನ ಬಿಂಬದಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಮಾತ್ರ ಬೆಳಗುತ್ತಿತ್ತು. 48 ಪಟ್ಟು ಹಿಗ್ಗಿದಾಗ ಅದು ಬರಿಗಣ್ಣಿಗೆ ಚಂದ್ರ ಕಾಣುವಷ್ಟೇ ಗಾತ್ರಕ್ಕೆ ಕಾಣುತ್ತದೆ.

ಮಾಸ್ತರರು ಕಣ್ಣು ತೆಗೆಯಲಿಲ್ಲ. ಪೊರೆಯ ಮಸುಕಿನಲ್ಲಿಯೂ ಅದು ಕಾಣುತ್ತಿತ್ತು. ನಿಂತ ಹಾಗೆಯೇ ಎಷ್ಟು ಹೊತ್ತು ನಿಂತಿದ್ದರೋ, ಶುಕ್ರನು ನೋಟದಿಂದ ಜಾರಿಹೋಗುವಂತಾದಾಗ ನಳಿಕೆಯನ್ನು ಮೆಲ್ಲನೆ ತಟ್ಟಿ ಮತ್ತೆ ನಡುವಿಗೆ ತಂದುಕೊಂಡರು. ಕೊನೆಗೆ ಹಿಂದಿನಿಂದ ಆ ಹುಡುಗಿಯ ದನಿ ಕೇಳಿಸಿತು:

“ಸರ, ನಮಗೂ ತೋರಸ್ರೀ.”

ಒಬ್ಬೊಬ್ಬರಾಗಿ ನೋಡಿದರು. ಒಬ್ಬ, “ಚಂದಪ್ಪ ಅದಾನ್ರೀ” ಎಂದ; ಚಂದ್ರನಲ್ಲ, ಚಂದ್ರ ಇನ್ನೂ ಹುಟ್ಟಿಯೇ ಇಲ್ಲ ಎಂದು ಹೇಳಿದರೂ ನಂಬಲಿಲ್ಲ. ಪ್ರತಿಯೊಬ್ಬರ ನಂತರವೂ ನಳಿಕೆಯನ್ನು ಸರಿಪಡಿಸಬೇಕಾಗುತ್ತಿತ್ತು. ಹುಡುಗಿ ತನ್ನ ಸರದಿ ಬಂದಾಗ ನೋಡಿ, ಕಣ್ಣು ತೆಗೆದು, ನಳಿಕೆಯ ಬೆನ್ನಿನ ನೇರಕ್ಕೆ ತಲೆಯೆತ್ತಿ ಆಕಾಶವನ್ನೇ ದಿಟ್ಟಿಸಿದಳು.

“ಅಲ್ಲೇ ಐತ್ರೀ ಸರ! ಬರಿಗಣ್ಣಿಗೇ ಕಾಣತೈತಿ!”

ಉಳಿದ ಮಕ್ಕಳೆಲ್ಲ ನುಗ್ಗಿ ಅವಳ ಬೆರಳಿನ ತುದಿಯನ್ನು ಹಿಡಿದು ನೋಡಿದರು. ಒಬ್ಬರಿಗೆ ಸಿಕ್ಕಿತು, ಇನ್ನೊಬ್ಬರಿಗೆ ಸಿಕ್ಕಿತು. ಗೌಂಡಿಗೂ ಸಿಕ್ಕಿತು. ಮಾಸ್ತರರಿಗೆ ಮಾತ್ರ ಸಿಗಲಿಲ್ಲ. ಹುಡುಗಿ ಅವರ ಪಕ್ಕದಲ್ಲಿ ನಿಂತು, “ಗ್ವಾಡಿ ತುದಿ ನೋಡ್ರೀ, ಅಲ್ಲಿಂದ ಮ್ಯಾಲ ಬರ್ರೀ, ಇನ್ನೂ ಮ್ಯಾಲ” ಎಂದು ಹೇಳಿಕೊಡುತ್ತಲೇ ಇದ್ದಳು. ಅವರು ಅವಳು ಹೇಳಿದಂತೆ ಮತ್ತೆ ಮತ್ತೆ ಗೋಡೆಯ ತುದಿಯಿಂದ ಮೇಲಕ್ಕೆ ಹೋದರು. ನೀಲಿಯೇ ಇತ್ತು. “ನನಗ ಕಾಣವಲ್ದವಾ. ನೀ ನೋಡು” ಎಂದರು.

ಕೆಳಗೆ ಹಾರ್ನು ಎರಡು ಸಲ ಕೂಗಿತು, ಮೂರು ಸಲ ಕೂಗಿತು. ಮಕ್ಕಳು ಇಳಿಯುವ ಲಕ್ಷಣ ಕಾಣದಿದ್ದಾಗ ಕಂಡಕ್ಟರನೇ ಬೈಯುತ್ತ ಮೆಟ್ಟಿಲೇರಿ ಬಂದನು. ಏನು ಗದ್ದಲವೆಂದು ಕೇಳಿದವನನ್ನು ನಾಲ್ಕು ಕೈಗಳು ಎಳೆದು ನೇತ್ರಮಸೂರದ ಮುಂದೆ ನಿಲ್ಲಿಸಿದವು. ಅವನು ಬಗ್ಗಿದನು, ನೋಡಿದನು, ಟೋಪಿಯನ್ನು ತೆಗೆದು ಮತ್ತೊಮ್ಮೆ ನೋಡಿದನು; ಅನಂತರ ಮಾಳಿಗೆಯ ಅಂಚಿಗೆ ಹೋಗಿ, ಬಸ್ಸನ್ನು ನಿಲ್ಲಿಸಿ ಮೇಲಕ್ಕೆ ಬರುವಂತೆ ಡ್ರೈವರನನ್ನು ಕೂಗಿ ಕರೆದನು. ಆ ದಿನ ಬಸ್ಸು ಹನ್ನೊಂದು ನಿಮಿಷ ತಡವಾಗಿ ಹೊರಟಿತು.